ಕತೆ ಗೊತ್ತಿದ್ದೇ ಹೊರಡಿ: ರೋಲ್‌ಪ್ಲೇ ಆಟದಲ್ಲಿ ‘ದೇವರ ದಾರಿ’ ನಡೆಸುವುದು ಹೇಗೆ

ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ನವರಾತ್ರಿಯ ಹೊತ್ತಿಗೆ ಕಾರಣಿಕ, ಅಂದರೆ ದೇವರ ಭವಿಷ್ಯವಾಣಿ, ನಡೆಯುತ್ತದೆ. ಗೊರವಯ್ಯ ಎತ್ತರದ ಬಿಲ್ಲು ಏರುತ್ತಾರೆ. ‘ಸದ್ದಲೇ’ ಅನ್ನುತ್ತಾರೆ. ಅಷ್ಟು ದೊಡ್ಡ ಜಾತ್ರೆ ಒಮ್ಮೆಲೇ ಸುಮ್ಮನಾಗುತ್ತದೆ. ಒಂದೇ ಒಂದು ಸಾಲು ನುಡಿದು ಅವರು ಮೇಲಿನಿಂದ ಬೀಳುತ್ತಾರೆ, ಕೆಳಗಿದ್ದವರು ಹಿಡಿಯುತ್ತಾರೆ. ಏನೇನಾಗುತ್ತದೆ ಅಂತ ಅಲ್ಲಿ ನಿಂತ ಎಲ್ಲರಿಗೂ ಗೊತ್ತು. ಮೈಲಾರಲಿಂಗ ಮಣಿ ಮಲ್ಲಾಸುರರನ್ನು ಕೊಂದ ಕತೆಯೂ ಬಾಯಿಪಾಠ. ಆದರೂ ಉಸಿರು ಬಿಗಿ ಹಿಡಿದೇ ನಿಲ್ಲುತ್ತಾರೆ.

ಧಾರವಾಡದಲ್ಲಿ ನಾವೊಂದು ಐದು ಜನ ಭಾನುವಾರ ಕೂತು ರೋಲ್‌ಪ್ಲೇಯಿಂಗ್ ಆಟ, ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಿನಲ್ಲೇ ಕತೆ ನಡೆಸುವ ಆಟ, ಆಡುತ್ತೇವೆ. ದಾಳ, ಪೆನ್ಸಿಲ್, ಪಾತ್ರದ ಹಾಳೆ, ಒಂದು ದೊಡ್ಡ ತಾಟಿನಲ್ಲಿ ಗಿರ್ಮಿಟ್. ನಡೆಸುವವನು ನಾನು, ಅಂದರೆ ಗೇಮ್ ಮಾಸ್ಟರ್. ಬಹಳ ದಿನ ನಾನು ನಂಬಿದ್ದು ಒಂದೇ ಮಾತು: ಆಟಗಾರರಿಗೆ ಮುಂದೇನು ಅಂತ ಗೊತ್ತಾಗಬಾರದು, ಗೊತ್ತಾದರೆ ಮಜಾ ಹೋಯಿತು. ಪುರಾಣದ ಯಾತ್ರೆ ನಡೆಸಲು ಹೊರಟಾಗ ಇದು ಪೂರ್ತಿ ತಲೆಕೆಳಗಾಯಿತು. ಅಲ್ಲಿ ಕತೆ ಎಲ್ಲರಿಗೂ ಮೊದಲೇ ಗೊತ್ತಿರಬೇಕು. ಗೊತ್ತಿದ್ದರೇನೇ ಅದು ತಪ್ಪಿದಾಗ ಎದೆ ಝಲ್ ಅನ್ನುವುದು.

ಈ ಬಗೆಯ ಆಟಕ್ಕೆ ಹೀರೋಕ್ವೆಸ್ಟ್ ಅಂತ ಹೆಸರು. ಗ್ರೆಗ್ ಸ್ಟಾಫರ್ಡ್ ಎಂಬ ಅಮೆರಿಕದವರು ಕಟ್ಟಿದ ಗ್ಲೊರಾಂಥಾ ಎಂಬ ಲೋಕದಿಂದ ಇದು ಬಂತು. ಆ ಲೋಕ 1975ರಲ್ಲಿ ಒಂದು ಬೋರ್ಡ್ ಆಟವಾಗಿ, 1978ರಲ್ಲಿ ರೂನ್‌ಕ್ವೆಸ್ಟ್ ಎಂಬ ರೋಲ್‌ಪ್ಲೇಯಿಂಗ್ ಆಟವಾಗಿ ಹೊರಬಂತು. ಅಲ್ಲಿನ ಒಂದು ದೊಡ್ಡ ಕತೆ ಹೀಗಿದೆ. ಗಾಳಿಯ ದೇವರು ಓರ್ಲಾಂಥ್, ಸೂರ್ಯ ಚಕ್ರವರ್ತಿ ಯೆಲ್ಮ್‌ನನ್ನು ಕೊಲ್ಲುತ್ತಾನೆ. ಲೋಕ ಕತ್ತಲಾಗುತ್ತದೆ. ಆಮೇಲೆ ತಪ್ಪು ಗೊತ್ತಾಗಿ ಆರು ಜನರನ್ನು ಕಟ್ಟಿಕೊಂಡು ಸತ್ತವರ ಲೋಕಕ್ಕೆ ಇಳಿದು ಸೂರ್ಯನನ್ನು ಕರೆತರುತ್ತಾನೆ. ಆ ಆರು ಜನರಲ್ಲಿ ಒಬ್ಬ ವ್ಯಾಪಾರದ ದೇವರು, ಒಬ್ಬ ಅಕ್ಷರದ ದೇವರು, ಒಬ್ಬಳು ಗಾಯ ವಾಸಿ ಮಾಡುವವಳು, ಒಬ್ಬ ಕಿತಾಪತಿ ದೇವರು, ಒಬ್ಬ ಬರೀ ಮನುಷ್ಯ. ಆರನೆಯವರು ಯಾರೆಂಬುದು ಆ ಲೋಕದಲ್ಲೇ ಒಗಟು. ಅಲ್ಲಿನ ಭಕ್ತರು ಈ ಕತೆಯನ್ನು ಬರೀ ಹಾಡುವುದಿಲ್ಲ. ದೇವರ ವೇಷ ತೊಟ್ಟು ಅದೇ ದಾರಿಯಲ್ಲಿ ನಡೆಯುತ್ತಾರೆ. ನಡೆದು ಮುಗಿಸಿದರೆ ದೇವರಿಗೆ ಸಿಕ್ಕಿದ್ದು ಊರಿಗೂ ಸಿಗುತ್ತದೆ.

ಓದಿದಾಗ ನನಗೆ ಅನಿಸಿದ್ದು, ಅರೆ, ಇದು ನಮ್ಮ ಜಾತ್ರೆಯೇ ಅಲ್ವಾ? ನಾನು ಇದಕ್ಕೆ ‘ದೇವರ ದಾರಿ’ ಅನ್ನುತ್ತೇನೆ. ನಡೆಸುವ ಬಗೆ ಹೇಳುತ್ತೇನೆ. ನೀವು ಯಾವ ಆಟದ ನಿಯಮ ಬಳಸಿದರೂ ನಡೆಯುತ್ತದೆ.

ಮೊದಲು ಊರು ಕಟ್ಟಿ

ನನ್ನ ಮೊದಲ ಯತ್ನ ಕೆಟ್ಟದ್ದು ಇಲ್ಲೇ. ನಾಲ್ವರು ವೀರರು, ಊರಿಲ್ಲ, ಮನೆಯಿಲ್ಲ, ಕೂಲಿಗೆ ಕತ್ತಿ ಹಿಡಿಯುವವರು. ಅವರಿಗೆ ದೇವಲೋಕದ ಬಾಗಿಲು ತೆರೆದೆ. ಒಳಗೆ ಹೋದರು, ರಾಕ್ಷಸನನ್ನು ಹೊಡೆದರು, ಹೊಳೆಯುವ ಕತ್ತಿ ತಂದರು. ಆಟ ಮುಗಿದ ಮೇಲೆ ಒಬ್ಬ ಗೆಳತಿ ಮಿರ್ಚಿ ಕಚ್ಚುತ್ತ ಕೇಳಿದಳು: “ಇದು ಹ್ವಾದ ವಾರದ ಗವಿಗಿಂತ ಹೆಂಗ ಬ್ಯಾರೆ ಆತೋ?” ಉತ್ತರ ಇರಲಿಲ್ಲ.

ಬೇರೆಯಾಗುವುದು ಹಿಂದೆ ಊರು ಇದ್ದಾಗ. ಯಾರಿಗಾಗಿ ಹೊರಟಿದ್ದೇವೆ, ಬರಿಗೈಯಲ್ಲಿ ಬಂದರೆ ಯಾರ ಮುಖ ನೋಡಬೇಕು ಅನ್ನುವುದು ಗೊತ್ತಿರಬೇಕು. ಅದಕ್ಕೆ ಮೊದಲ ಅರ್ಧ ಗಂಟೆ ದಾಳ ಮುಟ್ಟಬೇಡಿ. ಎಲ್ಲರೂ ಸೇರಿ ಒಂದು ಹಾಳೆಯಲ್ಲಿ ಊರು ಬರೆಯಿರಿ. ಈ ವರ್ಷ ಊರಿಗೆ ಬಂದ ಕಷ್ಟ ಏನು? ಯಾರ ಮಾತು ನಡೆಯುತ್ತದೆ? ಒಬ್ಬರಿಗೊಬ್ಬರು ಮಾತು ಬಿಟ್ಟ ಎರಡು ಮನೆ ಯಾವುವು? ಈ ಕೊನೆಯ ಪ್ರಶ್ನೆ ಬಿಡಲೇಬೇಡಿ. ಮುಂದೆ ಜಾಸ್ತಿ ಕೆಲಸಕ್ಕೆ ಬರುವುದು ಅದೇ.

ನಮ್ಮ ಊರಿನ ಹೆಸರು ಎರೆಹಳ್ಳ. ಕಟ್ಟುಕತೆಯ ಲೋಕದ ಊರು, ಆದರೆ ಮಣ್ಣು ಮಾತ್ರ ನಮ್ಮ ಕಡೆಯದು. ನವಲಗುಂದ, ನರಗುಂದ, ರೋಣದವರಿಗೆ ಎರೆಭೂಮಿ ಬಗ್ಗೆ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು, ಮಳೆ ಬಂದರೆ ಚಪ್ಪಲಿ ಬಿಡದ ಕೆಸರು. ಹಿಂಗಾರಿ ಮಳೆ ಕೈಕೊಟ್ಟರೆ ಬಿಳಿಜೋಳವೂ ಇಲ್ಲ, ಕಡಲೆಯೂ ಇಲ್ಲ. ಎರೆಹಳ್ಳಕ್ಕೆ ಎರಡು ವರ್ಷದಿಂದ ಮಳೆ ಇಲ್ಲ. ಕಷ್ಟ ಇಷ್ಟು ಸರಳವಾಗಿದ್ದರೆ ಸಾಕು.

ಕತೆ ಒಂದು ಪುಟಕ್ಕಿಂತ ಉದ್ದ ಬೇಡ

ಈಗ ಆ ಕಷ್ಟಕ್ಕೆ ತಕ್ಕ ಒಂದು ಪುರಾಣ ಬೇಕು. ನಿಮ್ಮದೇ ಕಟ್ಟಿಕೊಳ್ಳಿ. ಎಲುಬು ಎಲ್ಲಿಂದ ಬೇಕಾದರೂ ತನ್ನಿ, ದೇವರನ್ನು ಮಾತ್ರ ಹೊಸದಾಗಿ ಹುಟ್ಟಿಸಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ಎಲುಬು ತಂದಿದ್ದು ಸೀಗಿ ಹುಣ್ಣಿಮೆಯಿಂದ. ಆ ದಿನ ನಮ್ಮ ಕಡೆ ಭೂಮಿತಾಯಿಯನ್ನು ಬಸುರಿ ಅಂತ ಕಂಡು ಹೊಲಕ್ಕೆ ಬುತ್ತಿ ಒಯ್ಯುತ್ತಾರೆ, ಐದು ಕಲ್ಲಿಟ್ಟು ಪೂಜೆ ಮಾಡಿ ಚರಗ ಚೆಲ್ಲುತ್ತಾರೆ. ಬಸುರಿಗೆ ಬುತ್ತಿ ತರಬೇಕಾದ ಅಣ್ಣ ಮರೆತರೆ ಏನಾದೀತು? ಈ ಒಂದು ಪ್ರಶ್ನೆಯಿಂದ ಕತೆ ತಾನೇ ಬೆಳೆಯಿತು:

ಎರೆಯವ್ವ ಬಸುರಿ. ಅಣ್ಣ ಮುಗಿಲಣ್ಣ ಬಯಕೆಯ ಬುತ್ತಿ ತರಬೇಕಿತ್ತು, ಮರೆತ. ತಂಗಿ ಸಿಟ್ಟಾಗಿ ಬಾಗಿಲು ಹಾಕಿಕೊಂಡಳು. ನಾಚಿಕೆಯಾಗಿ ಮುಗಿಲಣ್ಣ ಪಡುವಣ ಗುಡ್ಡಕ್ಕೆ ಹೋಗಿ ಮಲಗಿಬಿಟ್ಟ. ಅವನು ಮಲಗಿದ್ದಾಗ ಬರರಾಯ ಅವನು ಬಡಿಯುವ ಹಲಗೆ ವಾದ್ಯ ಕದ್ದ. ಹಲಗೆ ಇಲ್ಲದೆ ಗುಡುಗಿಲ್ಲ, ಗುಡುಗಿಲ್ಲದೆ ಮಳೆಯಿಲ್ಲ. ಮುಗಿಲಣ್ಣ ಎದ್ದು, ಊರವರು ಕಟ್ಟಿಕೊಟ್ಟ ರೊಟ್ಟಿ ಹಿಡಿದು ಹೊರಟ. ಒಣಗಿದ ಹಳ್ಳದಲ್ಲಿ ಒಬ್ಬ ಮುದುಕಿ ಕೈಚಾಚಿದಳು. ಅರ್ಧ ರೊಟ್ಟಿ ಕೊಟ್ಟ. ಜಾಲಿಮುಳ್ಳಿನ ಬೇಲಿಯಲ್ಲಿ ಕಾವಲುಗಾರ ಹೆಸರು ಕೇಳಿದ. ‘ದನ ಕಳಕೊಂಡವನು’ ಅಂದ, ತನ್ನ ಹೆಸರನ್ನು ಬೇಲಿಯ ಆಚೆಯೇ ಬಿಟ್ಟ. ಬರರಾಯನ ಪಡಸಾಲೆಯಲ್ಲಿ ಪಗಡೆ ಆಡಿದ. ರುಮಾಲು ಸೋತ, ಕಂಬಳಿ ಸೋತ, ಕೊನೆಗೆ ತನ್ನ ದನಿಯನ್ನೇ ಒಡ್ಡಿ ಸೋತ. ಸೋತ ದನಿ ಮೂಲೆಯಲ್ಲಿದ್ದ ಹಲಗೆಯೊಳಗೆ ಹೋಗಿ ಕೂತಿತು, ಹಲಗೆ ತಾನೇ ಬಡಿದುಕೊಂಡು ಒಡೆಯನ ಕೈಗೆ ಬಂತು. ಮೂಕನಾಗಿ ಬಂದ ಅಣ್ಣ ತಂಗಿಯ ಬಾಗಿಲಲ್ಲಿ ನಿಂತ. ಕರೆಯಲಾಗದೆ ಹಲಗೆ ಬಡಿದ. ಬಾಗಿಲು ತೆರೆಯಿತು, ಮಳೆ ಬಂತು.

ನಾಲ್ಕು ತಾಣ: ಹಳ್ಳ, ಬೇಲಿ, ಪಡಸಾಲೆ, ಬಾಗಿಲು. ನಾಲ್ಕು ಗಂಟೆಯ ಆಟಕ್ಕೆ ಇಷ್ಟೇ ಸಾಕು. ಪ್ರತಿ ತಾಣದಲ್ಲೂ ದೇವರು ಏನನ್ನೋ ಬಿಟ್ಟುಕೊಡುತ್ತಾನೆ, ಗಮನಿಸಿದಿರಾ? ರೊಟ್ಟಿ, ಹೆಸರು, ದನಿ, ಕೊನೆಗೆ ಬಿಂಕ. ನಿಮ್ಮ ಕತೆಯಲ್ಲೂ ಹೀಗೆ ಬಿಟ್ಟುಕೊಡುವ ಜಾಗ ಇರಲಿ. ಬರೀ ಹೊಡೆದಾಟದ ತಾಣಗಳಿದ್ದರೆ ಮತ್ತೆ ಗವಿಯ ಆಟವೇ ಆಗುತ್ತದೆ.

ಕತೆಯನ್ನು ಆಟದ ಮುಂಚೆ ಜೋರಾಗಿ ಹೇಳಿ. ಆಮೇಲೆ ಆಟಗಾರರಲ್ಲಿ ಒಬ್ಬರಿಂದ ತಿರುಗಿ ಹೇಳಿಸಿ. ತಪ್ಪು ಹೇಳಿದರೆ ತಿದ್ದಬೇಡಿ. ಉಳಿದವರು ‘ಅಲ್ಲಲ್ಲ, ಮೊದಲು ಹಳ್ಳ, ಆಮೇಲೆ ಬೇಲಿ’ ಅಂತ ಜಗಳಕ್ಕೆ ಬರುತ್ತಾರೆ. ಆ ಜಗಳದಲ್ಲೇ ಕತೆ ಅವರದಾಗುತ್ತದೆ.

ಬಾಬು ಹಂಚಿ

ನಮ್ಮ ಜಾತ್ರೆಗಳಲ್ಲಿ ಬಾಬುದಾರರು ಅಂತ ಇರುತ್ತಾರೆ. ಇಂಥ ಕೆಲಸ ಇಂಥ ಮನೆಯವರದೇ. ಜೋಕುಮಾರನನ್ನೇ ನೋಡಿ. ಗಣಪತಿ ಹೋದ ಮೇಲೆ ಬರುವ ಈ ಮಣ್ಣಿನ ದೇವರನ್ನು ಬುಟ್ಟಿಯಲ್ಲಿಟ್ಟು, ಬಾಯಿಗೆ ಬೆಣ್ಣೆ ಮೆತ್ತಿ, ಬೇವಿನ ಸೊಪ್ಪಿನ ಜೊತೆ ಮನೆಮನೆಗೆ ಹೊರುವುದು ಅಂಬಿಗರ ಹೆಂಗಸರು. ಅವನ ಆಯುಷ್ಯ ಏಳು ದಿನ. ಗಣಪತಿ ಹೋಗಿ ಶಿವನಿಗೆ ‘ಜನ ಚೆನ್ನಾಗಿದ್ದಾರೆ, ಕಡುಬು ತಿನ್ನುತ್ತಿದ್ದಾರೆ’ ಅಂದನಂತೆ. ಜೋಕುಮಾರ ಸತ್ತು ಹೋಗಿ ಬಡವರ ಪಾಡು ಹೇಳಿ ಮಳೆ ತರಿಸಿದನಂತೆ. ಮಾಡುವವರು, ಹೊರುವವರು, ಕೊನೆಗೆ ಕೊಲ್ಲುವವರು, ಎಲ್ಲರ ಪಾಲೂ ಗೊತ್ತಾದದ್ದು.

ಆಟದಲ್ಲೂ ಹೀಗೆ ಪಾಲು ಮಾಡಿ. ಒಬ್ಬ ಆಟಗಾರ ಮುಗಿಲಣ್ಣನಾಗಿ ನಡೆಯುತ್ತಾನೆ. ಒಬ್ಬಳು ಬುತ್ತಿ ಹೊರುವವಳು. ಒಬ್ಬ ಊರ ಗುಡಿಯಲ್ಲಿ ದೀಪ ಕಾಯುತ್ತಾನೆ. ಅದು ಸಪ್ಪೆ ಪಾತ್ರ ಅನ್ನಿಸುತ್ತದೆ, ಆದರೆ ಕೊನೆಗೆ ಆಟ ನಿಲ್ಲುವುದು ಇವನ ಮೇಲೆ. ಒಬ್ಬರಿಗೆ ಬರರಾಯನ ವೇಷ ಕೊಡಿ. ಶತ್ರುವಿನ ವೇಷವೂ ಊರವನೇ ಹಾಕುವುದು ಅನ್ನುವುದೇ ಒಂದು ಒಳ್ಳೆಯ ಗುಟ್ಟು. ಮಾತು ಬಿಟ್ಟ ಎರಡು ಮನೆಗಳಲ್ಲಿ ಒಂದಕ್ಕೆ ಮುಗಿಲಣ್ಣ, ಇನ್ನೊಂದಕ್ಕೆ ಬರರಾಯ ಕೊಟ್ಟು ನೋಡಿ. ನೀವು ಮುಂದೆ ಏನೂ ಮಾಡಬೇಕಿಲ್ಲ, ಗಿರ್ಮಿಟ್ ತಿನ್ನುತ್ತ ಕೂತರೂ ನಡೆಯುತ್ತದೆ.

ಕಾಳು

ಒಂದು ಬಟ್ಟಲು ಮೇಜಿನ ನಡುವೆ ಇಡಿ, ಪಕ್ಕದಲ್ಲಿ ಒಂದು ಹಿಡಿ ಕಡಲೆಕಾಳು. ಹೊರಡುವ ಮುಂಚೆ ಪ್ರತಿ ಆಟಗಾರ ತನ್ನ ಮನೆ ಈ ಯಾತ್ರೆಗೆ ಏನು ಕೊಟ್ಟಿತು ಅಂತ ಹೇಳಬೇಕು. ಕೊಟ್ಟದ್ದು ನೋವಾಗುವಂಥದ್ದಾದರೆ ಎರಡು ಕಾಳು, ಸುಮ್ನೆ ಕೊಟ್ಟದ್ದಾದರೆ ಒಂದು. ‘ಬೀಜದ ಜೋಳದಲ್ಲಿ ಅರ್ಧ’ ಎರಡು ಕಾಳಿನ ಮಾತು. ‘ಹಳೇ ಕಂಬಳಿ’ ಒಂದು ಕಾಳು. ಏನೂ ಕೊಡುವುದಿಲ್ಲ ಅಂದರೂ ನಡೆಯುತ್ತದೆ, ಊರು ಅದನ್ನು ನೆನಪಿಡುತ್ತದೆ ಅಷ್ಟೇ. ಐದು ಜನರಿಗೆ ಏಳೆಂಟು ಕಾಳು ಬೀಳುತ್ತವೆ. ಇದೇ ಊರಿನ ಬಲ. ದಾರಿಯಲ್ಲಿ ದಾಳ ಕೈಕೊಟ್ಟರೆ ಒಂದು ಕಾಳು ತೆಗೆದು ಮತ್ತೆ ಉರುಳಿಸಬಹುದು. ತೆಗೆದ ಕಾಳನ್ನು ತಿಂದುಬಿಡಿ. ನಗಬೇಡಿ, ಖಾಲಿಯಾಗುತ್ತಿರುವ ಬಟ್ಟಲು ಮಾಡುವ ಕೆಲಸ ಯಾವ ಅಂಕಿಯೂ ಮಾಡುವುದಿಲ್ಲ.

ದಾರಿಯಲ್ಲಿ ದಾಳ ಯಾವಾಗ

ನಿಯಮ ಒಂದೇ. ಕತೆಯಲ್ಲಿದ್ದಂತೆ ನಡೆದರೆ ದಾಳ ಬೇಡ, ಆದರೆ ದೇವರು ಕೊಟ್ಟದ್ದನ್ನು ಪಾತ್ರವೂ ಕೊಡಬೇಕು. ಕತೆ ಬಿಟ್ಟು ನಡೆದರೆ ಎರಡು ದಾಳ ಉರುಳಿಸಿ. ಕೂಡಿಸಿ 10 ಅಥವಾ ಮೇಲೆ ಬಂದರೆ ಅಂದುಕೊಂಡದ್ದು ಆಯಿತು, ಕತೆಯೇ ಹೊಸದಾಯಿತು. 7ರಿಂದ 9 ಬಂದರೆ ಆಯಿತು, ಆದರೆ ಊರಿಗೆ ಏನೋ ನಷ್ಟ. 6 ಅಥವಾ ಕೆಳಗೆ ಬಂದರೆ ದಾರಿ ತಪ್ಪಿತು.

ಮುಗಿಲಣ್ಣ ದನಿ ಸೋತನಲ್ಲ, ಅಲ್ಲಿಂದ ಬಾಗಿಲ ತನಕ ಆ ಆಟಗಾರ ನಿಜವಾಗಿ ಮಾತಾಡಬಾರದು. ನಮ್ಮಲ್ಲಿ ಆ ಪಾತ್ರ ಬಿದ್ದದ್ದು ಒಂದು ನಿಮಿಷ ಬಾಯಿ ಮುಚ್ಚದ ಗೆಳೆಯನಿಗೆ. ಸುಮಾರು 40 ನಿಮಿಷ ಮೂಕನಾಗಿ ಕೂತ. ಚಹಾ ಬೇಕು ಅಂತಲೂ ಸನ್ನೆ ಮಾಡಿದ. ಕೊನೆಗೆ ತಂಗಿಯ ಬಾಗಿಲ ಮುಂದೆ ಮೇಜು ಬಡಿದ ಸದ್ದಿಗೆ ಕೆಳಗಿನ ಮನೆಯ ಅಜ್ಜಿ ಮೇಲೆ ಬಂದು, “ಏನಾತ್ರೋ ತಮ್ಮಗೋಳ್ರ್ಯಾ?” ಅಂದರು. ಅದಕ್ಕಿಂತ ಒಳ್ಳೆಯ ಬಾಗಿಲು ತೆರೆಯುವಿಕೆ ನನಗೆ ಇನ್ನೂ ಸಿಕ್ಕಿಲ್ಲ.

ಒಂದು ತಾಣ ತಪ್ಪಲಿ

ಕತೆ ಗೊತ್ತು, ನಿಯಮ ಗೊತ್ತು, ಕೊಡುವುದೂ ಗೊತ್ತು. ಹಾಗಾದರೆ ಆಟ ಎಲ್ಲಿದೆ? ಇಲ್ಲಿ. ನಾಲ್ಕು ತಾಣಗಳಲ್ಲಿ ಒಂದನ್ನು, ಒಂದನ್ನು ಮಾತ್ರ, ನೀವು ಮೊದಲೇ ಕದಲಿಸಿಟ್ಟಿರಬೇಕು. 1999ರಲ್ಲಿ ಬಂದ ಕಿಂಗ್ ಆಫ್ ಡ್ರ್ಯಾಗನ್ ಪಾಸ್ ಎಂಬ ಕಂಪ್ಯೂಟರ್ ಆಟ ಗ್ಲೊರಾಂಥಾ ಲೋಕದ್ದೇ. ಅದರಲ್ಲಿ ಪುರಾಣವನ್ನು ಓದಿ ನೆನಪಿಟ್ಟುಕೊಂಡೇ ವೀರನನ್ನು ಕಳಿಸಬೇಕು. ಅಷ್ಟಾದರೂ ಕೆಲವೊಮ್ಮೆ ಓದಿದ್ದೇ ಬೇರೆ, ಎದುರಾಗುವುದೇ ಬೇರೆ. ಆಗ ಬಾಯಿಪಾಠ ಕೈಹಿಡಿಯುವುದಿಲ್ಲ, ದೇವರ ಸ್ವಭಾವ ಗೊತ್ತಿರಬೇಕು.

ಎರೆಹಳ್ಳದವರು ಹಳ್ಳಕ್ಕೆ ಬಂದಾಗ ಮುದುಕಿ ಇರಲಿಲ್ಲ. ಪಕ್ಕದ ಊರಿನ ಐದು ಜನ ಇದ್ದರು. ಅವರಲ್ಲೂ ಒಬ್ಬ ಮುಗಿಲಣ್ಣನ ವೇಷದಲ್ಲಿದ್ದ. ಅವರ ಊರಿಗೂ ಮಳೆ ಇಲ್ಲ. ಅವರ ಕತೆಯಲ್ಲಿ ಮುಗಿಲಣ್ಣ ರೊಟ್ಟಿ ಕೊಡುವುದಿಲ್ಲ, ತಗೊಳ್ಳುತ್ತಾನೆ. ಈಗ ಹೇಳಿ, ಇಬ್ಬರಲ್ಲಿ ಮುಗಿಲಣ್ಣ ಯಾರು? ನಮ್ಮ ಮೇಜಿನಲ್ಲಿ ಇದರ ಮೇಲೆ ಒಂದು ಗಂಟೆ ವಾದ ನಡೆಯಿತು. ಒಬ್ಬ ಕತ್ತಿ ತೆಗೆಯಲು ಹೋದ. ಬುತ್ತಿ ಹೊರುವವಳು ತಡೆದಳು: “ಕತಿಯೊಳಗ ಮುಗಿಲಣ್ಣ ಯಾರಿಗೂ ಹೊಡಿಯಂಗಿಲ್ಲ, ನೆನಪೈತಿಲ್ಲೋ?” ಕೊನೆಗೆ ಅರ್ಧ ರೊಟ್ಟಿ ಅವರಿಗೆ ಕೊಟ್ಟರು. ಕೊಟ್ಟದ್ದರಿಂದ ನಮ್ಮ ಕತೆಯೂ ಉಳಿಯಿತು, ತಗೊಂಡದ್ದರಿಂದ ಅವರದೂ ಉಳಿಯಿತು.

ಇದು ಬರೀ ಆಟದ ಚಮತ್ಕಾರ ಅಂದುಕೊಳ್ಳಬೇಡಿ. ಗ್ಲೊರಾಂಥಾದಲ್ಲಿ ಗಾಳಿಯ ಜನ ‘ಯೆಲ್ಮ್ ದಬ್ಬಾಳಿಕೆಯ ದೊರೆ’ ಅನ್ನುತ್ತಾರೆ, ಸೂರ್ಯನ ಜನ ‘ಓರ್ಲಾಂಥ್ ರಾಜದ್ರೋಹಿ’ ಅನ್ನುತ್ತಾರೆ. ಕೊಲೆ ಒಂದೇ, ಪುರಾಣ ಎರಡು. ನಮ್ಮ ಹಳ್ಳಿಗಳ ಮೊಹರಂ ನೆನಪು ಮಾಡಿಕೊಳ್ಳಿ. ಒಂದೂ ಮುಸ್ಲಿಂ ಮನೆ ಇಲ್ಲದ ಊರುಗಳಲ್ಲೂ ಅಲಾಯಿ ಕುಣಿ, ಅಂದರೆ ಬೆಂಕಿಯ ಗುಂಡಿ, ತೋಡುತ್ತಾರೆ, ಹೆಜ್ಜೆ ಹಾಕುತ್ತಾರೆ, ಹರಕೆ ಹೊರುತ್ತಾರೆ. ಕುಣಿಯ ಸುತ್ತ ಕುಣಿಯುವವರಲ್ಲಿ ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಕತೆ. ಆಚರಣೆ ಎಲ್ಲರದು. ನಿಮ್ಮ ಲೋಕದಲ್ಲೂ ಎರಡು ಜನಾಂಗ ಒಂದೇ ಬೆಂಕಿಗೆ ಕೂಡುವ ಒಂದು ಹಬ್ಬ ಇಡಿ, ಕತೆ ಮಾತ್ರ ಬೇರೆ ಬೇರೆ ಬರೆಯಿರಿ. ವರ್ಷವಿಡೀ ಆಡುವಷ್ಟು ಸರಕು ಸಿಗುತ್ತದೆ.

ಹಾಗಂತ ಎರಡೂ ಒಂದೇ ಅಂತ ತೀರ್ಮಾನಿಸುವ ಬುದ್ಧಿವಂತರನ್ನು ಆ ಲೋಕ ಚೆನ್ನಾಗಿ ದಂಡಿಸಿದೆ. ಗಾಡ್ ಲರ್ನರ್ಸ್ ಎಂಬ ಪಂಡಿತರು ಎರಡು ನಾಡಿನ ಧಾನ್ಯದೇವತೆಗಳು ಒಂದೇ ಥರ ಇದ್ದಾರಲ್ಲ ಅಂತ ಅದಲು ಬದಲು ಮಾಡಿದರು. ಬೆಳೆ ಹಾಳಾಯಿತು. ನಮ್ಮೂರ ದ್ಯಾಮವ್ವನನ್ನು ಪಕ್ಕದೂರ ಗುಡಿಯಲ್ಲಿ ಕೂರಿಸಿ, ಅವರ ದ್ಯಾಮವ್ವನನ್ನು ಇಲ್ಲಿ ತಂದರೆ ಏನಾದೀತು ಅಂತ ಯಾವ ಅಜ್ಜಿಯನ್ನು ಕೇಳಿದ್ದರೂ ಹೇಳುತ್ತಿದ್ದಳು.

ನಡುನಡುವೆ ಊರಿಗೆ ಬನ್ನಿ

ಪ್ರತಿ ತಾಣ ಮುಗಿದ ಮೇಲೆ ಐದು ನಿಮಿಷ ದಾರಿ ಬಿಟ್ಟು ಊರಿಗೆ ತಿರುಗಿ. ದೀಪ ಕಾಯುವವನನ್ನು ಕೇಳಿ: “ಈಗ ಊರಾಗ ಏನ್ ನಡದೈತಿ?” ದಾರಿಯಲ್ಲಿದ್ದವರು ಆ ಹೊತ್ತಿಗೆ ಊರವರ ಪಾತ್ರ ಹಿಡಿಯಲಿ. ಯಾರೋ ಉಪವಾಸ ಮುರಿದರು. ಮಾತು ಬಿಟ್ಟ ಮನೆಯವರು ಎಣ್ಣೆ ಕೊಡುವುದಿಲ್ಲ ಅಂದರು. ಹಲಗೆ ಬಡಿಯುವ ಹುಡುಗನಿಗೆ ನಿದ್ದೆ ಬಂತು. ಊರಲ್ಲಿ ಒಂದು ತಪ್ಪಾದರೆ ಬಟ್ಟಲಿನಿಂದ ಒಂದು ಕಾಳು ಹೋಗುತ್ತದೆ. ಯಾರಾದರೂ ಸರಿಪಡಿಸಿದರೆ ಒಂದು ಬರುತ್ತದೆ. ನನ್ನ ಲೆಕ್ಕದಲ್ಲಿ ದೇವರ ದಾರಿಯ ಜೀವ ಇರುವುದು ಈ ಐದೈದು ನಿಮಿಷದಲ್ಲಿ. ಮುಗಿಲಣ್ಣ ಬರರಾಯನ ಎದುರು ಪಗಡೆ ಆಡುವಾಗ, ಇಲ್ಲಿ ಇಬ್ಬರು ಸವತಿಯರು ಒಂದು ಸೇರು ಎಣ್ಣೆಗೆ ಜಗಳವಾಡುತ್ತಾರೆ. ಎರಡೂ ಒಂದೇ ಯುದ್ಧ ಅಂತ ಆಟಗಾರರಿಗೆ ತಾವೇ ಹೊಳೆಯುತ್ತದೆ. ನೀವು ಬಾಯಿಬಿಟ್ಟು ಹೇಳಬೇಡಿ.

ತಿರುಗಿ ಬಂದವರ ಒಂದು ಸಾಲು

ಹಲಗೆ ತಂದರು, ಮಳೆ ಬಂತು, ಮುಗಿಯಿತಾ? ಇನ್ನೊಂದು ಕೆಲಸ ಇದೆ. ತಿರುಗಿ ಬಂದವನು ಒಂದು ಸಾಲು ನುಡಿಯಲಿ, ಐದು ಪದಕ್ಕಿಂತ ಜಾಸ್ತಿ ಬೇಡ, ಅರ್ಥ ವಿವರಿಸಬಾರದು. ದೇವರಗುಡ್ಡದಲ್ಲಿ ಕಾರಣಿಕ ಆದ ಕೂಡಲೇ ಜನ ಅರ್ಥ ಹಚ್ಚಲು ಶುರು ಮಾಡುತ್ತಾರೆ. ಮಳೆಗೆ ಹೇಳಿದ್ದಾ, ಬೆಳೆಗಾ, ರಾಜಕೀಯಕ್ಕಾ? ಹಾಗೇ ನಿಮ್ಮ ಮೇಜಿನವರೂ ಹಚ್ಚಲಿ. ನಮ್ಮ ಮೂಕ ಗೆಳೆಯ ಬಾಯಿ ತೆರೆದು ಅಂದದ್ದು: “ಅರ್ಧ ರೊಟ್ಟಿ ಬೆನ್ನಟ್ಟಿ ಬಂತಲೇ.” ಒಬ್ಬಳು ಅಂದಳು, ಪಕ್ಕದೂರಿನವರು ಸಾಲ ತೀರಿಸಲು ಬರುತ್ತಾರೆ. ಇನ್ನೊಬ್ಬ ಅಂದ, ದಂಡು ಕಟ್ಟಿಕೊಂಡು ಬರುತ್ತಾರೆ. ನಾನು ಇಬ್ಬರ ಮಾತನ್ನೂ ಬರೆದುಕೊಂಡೆ. ಮುಂದಿನ ಮೂರು ಭಾನುವಾರದ ಆಟ ಪುಕ್ಕಟೆ ಸಿಕ್ಕಿತು.

ಮುಟ್ಟಬಾರದ ಜಾಗ

ದೇವರನ್ನು ಹೊಸದಾಗಿ ಹುಟ್ಟಿಸಿ ಅಂದಿದ್ದೆನಲ್ಲ. ಒಮ್ಮೆ ನಾನು ಉಮೇದಿನಲ್ಲಿ ಗೊರವಯ್ಯನ ದನಿ ಅನುಕರಿಸಿದೆ. ‘ಏಳು ಕೋಟಿ ಏಳು ಕೋಟಿಗೋ’ ಅಂತ ಕೂಗಿದೆ. ಎಲ್ಲರೂ ನಕ್ಕರು, ಒಬ್ಬ ನಗಲಿಲ್ಲ. ಮೈಲಾರಲಿಂಗ ಅವರ ಮನೆದೇವರು. ಅವನ ಅಜ್ಜ ಕಂಬಳಿ ತೊಟ್ಟು, ಹಣೆಗೆ ಭಂಡಾರ ಹಚ್ಚಿ, ಡಮರು ಹಿಡಿದು ದೋಣಿ ತುಂಬಿಸುವ ಸೇವೆ ಮಾಡಿದವರು. ಹೋಗುವಾಗ ಮೆಟ್ಟಿಲ ಮೇಲೆ ನಿಂತು, “ಅದು ನಮಗ ಆಟ ಅಲ್ಲಪಾ” ಅಂದ, ಅಷ್ಟೇ. ಎರಡು ವಾರ ಬರಲಿಲ್ಲ. ನಾನೇ ಹೋಗಿ ತಪ್ಪಾಯಿತು ಅಂದೆ.

ಅಂದಿನಿಂದ ಆಟ ಶುರುವಾಗುವ ಮುಂಚೆ ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕೇಳುತ್ತೇನೆ: ಮೇಜಿನ ಮೇಲೆ ಏನು ಬರಬಾರದು? ಕಾರಣ ಕೇಳುವುದಿಲ್ಲ. ಜೀವಂತ ದೇವರ ಹೆಸರಿಲ್ಲ, ನಿಜವಾದ ಮಂತ್ರವಿಲ್ಲ, ಕುಂಕುಮ ಭಂಡಾರ ಮೇಜಿಗೆ ಬರುವುದಿಲ್ಲ. ಮೈಯಲ್ಲಿ ದೇವರು ಬರುವುದನ್ನು ನಟಿಸುವುದಿಲ್ಲ, ‘ಅವನ ಮೈಮೇಲೆ ಮುಗಿಲು ಇಳಿಯಿತು’ ಅಂತ ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇವೆ. ದೀಪ ಕೂಡ ಮೊಬೈಲಿನ ಟಾರ್ಚ್ ಮೇಲೆ ಲೋಟ ಬೋರಲು ಹಾಕಿದ್ದು. ಆ ಗೆಳೆಯ ಈಗ ದೀಪ ಕಾಯುವ ಪಾತ್ರವನ್ನೇ ಕೇಳಿ ಪಡೆಯುತ್ತಾನೆ.

ಸೋತರೆ

ಸೋಲುತ್ತೀರಿ. ನಮ್ಮ ಮೂರನೇ ಯಾತ್ರೆಯಲ್ಲಿ ಬೇಲಿಯ ಹತ್ತಿರವೇ ಬಟ್ಟಲು ಖಾಲಿಯಾಯಿತು, ದಾಳ 4 ಬಿತ್ತು. ಮುಗಿಲಣ್ಣನ ವೇಷದವನು ಸಿಟ್ಟಿನಲ್ಲಿ ತನ್ನ ನಿಜವಾದ ಹೆಸರು ಹೇಳಿಬಿಟ್ಟ. ಅಂಥ ಹೊತ್ತಿನಲ್ಲಿ ಪಾತ್ರವನ್ನು ಕೊಲ್ಲಬೇಡಿ, ಅದು ಸುಲಭದ ಶಿಕ್ಷೆ. ಅವನನ್ನು ಊರಿಗೆ ಕಳಿಸಿ, ಹೆಸರು ಮಾತ್ರ ಬೇಲಿಯಲ್ಲೇ ಉಳಿಯಲಿ. ಊರಲ್ಲಿ ಯಾರಿಗೂ ಅವನ ಹೆಸರು ನೆನಪಿಗೆ ಬರುತ್ತಿಲ್ಲ, ಹೆಂಡತಿಗೂ ಸಹ. ಪಾತ್ರದ ಹಾಳೆಯಲ್ಲಿ ಹೆಸರಿನ ಜಾಗವನ್ನು ರಬ್ಬರಿನಿಂದ ಅಳಿಸಿ. ನಮ್ಮಲ್ಲಿ ಆ ಜಾಗ ಇನ್ನೂ ಖಾಲಿ ಇದೆ, ಅವನನ್ನು ‘ದನ ಕಳಕೊಂಡವನು’ ಅಂತಲೇ ಕರೆಯುತ್ತೇವೆ. ಮುಂದಿನ ಯಾತ್ರೆ ಹಲಗೆಗಲ್ಲ, ಅವನ ಹೆಸರಿಗೆ. ಕತೆ ಬರೆದಾಗಿದೆ, ಐದು ತಾಣ ಆಗಿದೆ, ಒಂದನ್ನು ಹೊಡೆದು ಹಾಕಬೇಕು.